ನಲವತ್ತು ಗಡಿಯಾರಗಳ ಮನೆ

ನಮ್ಮ ಅಜ್ಜ ಅಜ್ಜಿ ಒಂದೇ ಮನೆಯಲ್ಲಿದ್ದುಕೊಂಡು, ಒಂದೇ ಒಲೆಯ ಅಡುಗೆ ಉಂಡುಕೊಂಡು, ಏಳು ವರ್ಷ ಒಬ್ಬರ ಜೊತೆ ಒಬ್ಬರು ಒಂದು ಮಾತೂ ಆಡಲಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಗಾದೆ ಕಟ್ಟಿದ ಮಹಾನುಭಾವರು ನಮ್ಮ ಮನೆ ಕಡೆ ಬಂದಿರಲಿಲ್ಲ ಅಂತ ಕಾಣುತ್ತದೆ. ಈ ಕಥೆಯನ್ನು ನಮ್ಮಲ್ಲಿ ನಗುವುದಕ್ಕೆಂದೇ ಹೇಳುತ್ತಿದ್ದರು. ನಾಲ್ಕು ಜನ ಸೇರಿದರೆ ಸಾಕು, ಯಾರಾದರೂ ಶುರು ಮಾಡುತ್ತಿದ್ದರು, ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಅಮ್ಮ ಮಾತ್ರ "ಏಳು ವರ್ಷ ಅಲ್ಲ, ಏಳು ವರ್ಷ ಮೂರು ತಿಂಗಳು" ಎಂದು ತಿದ್ದಿ, ಏನೋ ಕೆಲಸ ನೆನಪಾದವಳ ಹಾಗೆ ಎದ್ದು ಒಳಗೆ ಹೋಗುತ್ತಿದ್ದಳು. ನಲವತ್ತನಾಲ್ಕು ವರ್ಷ ಅವಳ ಜೊತೆಗಿದ್ದು ನಾನು ಇದನ್ನು ಗಮನಿಸಿರಲಿಲ್ಲ. ಇಂಥ ಚುರುಕು ಕಣ್ಣಿಟ್ಟುಕೊಂಡು ಚಿತ್ರಕಥೆ ಬರೆಯಲು ಹೊರಟೆ ನೋಡಿ!

ನನ್ನ ಕೆಲಸ ರಕ್ತ ತೆಗೆಯುವುದು. ಬೆಳಿಗ್ಗೆ ಆರೂವರೆಗೆ ಲ್ಯಾಬಿನ ಬಾಗಿಲು ತೆಗೆದರೆ, ಹಸಿದ ಹೊಟ್ಟೆಯ ಜನ ಅಂಗಿಯ ತೋಳು ಮೇಲೇರಿಸಿಕೊಂಡು ಸಾಲಾಗಿ ಕೂತಿರುತ್ತಾರೆ. ಸೂಜಿಗೆ ಹೆದರುವವರನ್ನು ಮಾತಿಗೆ ಎಳೆಯುವುದು ನಮ್ಮ ಕಸುಬಿನ ಮೊದಲ ಪಾಠ. ನರ ಹುಡುಕುತ್ತಾ "ಮನೇಲಿ ಯಾರ್ಯಾರಿದ್ದೀರಿ?" ಎಂದರೆ ಸಾಕು, ಟ್ಯೂಬು ತುಂಬುವಷ್ಟರಲ್ಲಿ ಸೊಸೆಯ ಕಥೆ, ಅಳಿಯನ ಕಥೆ, ಪಕ್ಕದ ಮನೆಯ ಗೋಡೆಯ ಕಥೆ ಎಲ್ಲ ಬಂದುಬಿಡುತ್ತವೆ. ಇಪ್ಪತ್ತು ವರ್ಷ ಹೀಗೆ ಮಂದಿಯ ಕಥೆ ಕೇಳಿ ಕೇಳಿ, ನಮ್ಮ ಮನೆಯದೇ ಒಂದು ಬರೆದರೆ ಹೇಗೆ ಎಂದು ತಲೆಗೆ ಹುಳ ಬಿಟ್ಟುಕೊಂಡೆ. ಗ್ರಂಥಾಲಯದ ಮಹಡಿಯಲ್ಲಿ ಆರು ಭಾನುವಾರದ ಚಿತ್ರಕಥೆ ತರಗತಿ ಇದೆ ಎಂದು ಗೊತ್ತಾದ ದಿನವೇ ಹೋಗಿ ಸೇರಿಕೊಂಡೆ. ಒಂಬತ್ತು ಜನರಿದ್ದೆವು. ಕೊನೆಯ ಭಾನುವಾರ ಎಲ್ಲರೂ ಬರೆದು ಕೊಡಬೇಕು, ಅದರಲ್ಲಿ ಒಂದನ್ನು ಆರಿಸಿ ಇಪ್ಪತ್ತು ನಿಮಿಷದ ಚಿತ್ರ ಮಾಡುತ್ತಾರೆ.

ಪಾಠ ಹೇಳುತ್ತಿದ್ದವರು ಜಾಹೀರಾತು ಚಿತ್ರ ಮಾಡುವ ಒಬ್ಬ ಸಣಕಲು ಮೇಷ್ಟ್ರು. ನಾನು ಮೊದಲ ವಾರ ಬರೆದುಕೊಂಡು ಹೋದದ್ದರಲ್ಲಿ 'ಅಜ್ಜಿಗೆ ತುಂಬಾ ಬೇಸರವಾಯಿತು' ಎಂದಿತ್ತು. ಮೇಷ್ಟ್ರು ಕನ್ನಡಕ ಮೂಗಿನ ತುದಿಗೆ ಇಳಿಸಿ, "ಬೇಸರಾನ ಕ್ಯಾಮೆರಾ ಎಲ್ಲಿಟ್ಟು ತೆಗೀಲಿ ಮೇಡಂ? ಕಣ್ಣಿಗೆ ಕಾಣೋದು, ಕಿವಿಗೆ ಕೇಳೋದು, ಎರಡೇ ಬರೀರಿ" ಎಂದರು. ಮೈ ಉರಿದುಹೋಯಿತು. ಆದರೆ ಮಾತು ಸರಿಯಿತ್ತು.

ಹಾಗಾಗಿ ಕಾಣುವುದನ್ನು ಬರೆದೆ. ಅಜ್ಜ ಗಡಿಯಾರ ರಿಪೇರಿ ಮಾಡುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಗೋಡೆಯ ತುಂಬ ಗಡಿಯಾರ, ಎಣಿಸಿದರೆ ನಲವತ್ತರ ಹತ್ತಿರ, ಒಂದೊಂದಕ್ಕೆ ಒಂದೊಂದು ಸಮಯ. ಅಂಗಡಿಗೂ ಅಡುಗೆಮನೆಗೂ ನಡುವೆ ಒಂದೇ ಒಂದು ಹೊಸ್ತಿಲು. ಆ ಹೊಸ್ತಿಲ ಮೇಲೆ ಒಂಬತ್ತು ವರ್ಷದ ಹುಡುಗಿ, ಅಂದರೆ ನಮ್ಮಮ್ಮ.

"ಅಮ್ಮನಿಗೆ ಹೇಳು, ಉಪ್ಪು ಸುರಿದಿದ್ದಾಳೆ ಅಂತ."

"ಅಪ್ಪನಿಗೆ ಹೇಳು, ನಾಲಿಗೇನೂ ರಿಪೇರಿ ಮಾಡ್ಕೊಳ್ಳಲಿ ಅಂತ."

ಇಬ್ಬರೂ ನಾಲ್ಕು ಮಾರು ದೂರದಲ್ಲಿ ಕೂತು, ಒಬ್ಬರ ದನಿ ಒಬ್ಬರಿಗೆ ಚೆನ್ನಾಗಿ ಕೇಳಿಸುತ್ತಿದ್ದರೂ, ನಡುವೆ ಮಗಳು ಓಡಾಡಬೇಕು. ಹುಡುಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವಷ್ಟರಲ್ಲಿ ಮಾತನ್ನು ತಿದ್ದಿ ಬಿಡುತ್ತಿದ್ದಳಂತೆ. "ಅಪ್ಪನಿಗೆ ಸ್ವಲ್ಪ ನೀರು ಬೇಕಂತೆ." "ಅಮ್ಮ ನಾಳೆ ಕಮ್ಮಿ ಹಾಕ್ತಾಳಂತೆ." ನಮ್ಮ ವಂಶದಲ್ಲಿ ಸಂಭಾಷಣೆ ಬರೆದ ಮೊದಲನೆಯವಳು ನಾನಲ್ಲ ಬಿಡಿ.

ಕಥೆಯ ಕೊನೆಯೂ ಎಲ್ಲರಿಗೂ ಗೊತ್ತಿದ್ದದ್ದೇ. ಹದಿನಾರು ತುಂಬಿದ ಅಮ್ಮ ನರ್ಸಿಂಗ್ ಕಲಿಯಲು ಹೊರಟ ದಿನ, ರೈಲು ಹೊರಡುವ ಹೊತ್ತಿಗೆ, ನಲವತ್ತು ಗಡಿಯಾರದ ಮನೆಯ ಒಡತಿ ಗಂಡನ ಕಡೆ ತಿರುಗಿ "ಗಂಟೆ ಎಷ್ಟಾಯ್ತು?" ಎಂದು ಕೇಳಿದಳು. ಅಜ್ಜ ಬಾಯಿ ಬಿಡದೆ, ಜೇಬಿನಿಂದ ಗಂಡಸರ ವಾಚೊಂದನ್ನು ತೆಗೆದು ಅವಳ ಕೈಗೆ ಕಟ್ಟಿದರು. ಅಂದಿನಿಂದ ಮಾತು ಶುರು. ಅಜ್ಜಿ ಸಾಯುವ ತನಕ ಆ ದೊಡ್ಡ ವಾಚನ್ನೇ ಕಟ್ಟಿಕೊಂಡಿದ್ದಳು. ಅದು ಅವಳ ಸಣ್ಣ ಕೈಯಲ್ಲಿ ಜಾರಿ ಜಾರಿ ಮೊಣಕೈ ಮುಟ್ಟುತ್ತಿತ್ತು.

ನಾಲ್ಕನೆಯ ಭಾನುವಾರ ಮೇಷ್ಟ್ರು ಪೂರ್ತಿ ಓದಿದರು. ಎರಡು ಕಡೆ ನಕ್ಕರು. ನಾನು ಉಬ್ಬಿಹೋದೆ. ಆಮೇಲೆ ಕಾಗದ ಕೆಳಗಿಟ್ಟು ಕೇಳಿದರು:

"ಎಲ್ಲಾ ಸರಿ. ಅವರು ಮಾತು ಬಿಟ್ಟಿದ್ದು ಯಾಕೆ?"

ಅಲ್ಲ, ಇಷ್ಟು ವರ್ಷ ನಕ್ಕಿದ್ದೇ ಬಂತು, ಯಾಕೆ ಎಂದು ಒಬ್ಬರಾದರೂ ಕೇಳಿದ್ದೆವಾ?

"ಕಾರಣ ಇಲ್ದೆ ಇದ್ರೆ ಇದು ಬರೀ ತಮಾಷೆ" ಎಂದರು ಮೇಷ್ಟ್ರು. "ಹುಡುಕ್ಕೊಂಡು ಬನ್ನಿ."

ಆ ವಾರ ನಾನು ಅಂಡು ಸುಟ್ಟ ಬೆಕ್ಕಿನ ಹಾಗೆ ಓಡಾಡಿದೆ. ಮೊದಲು ಸೋದರಮಾವನಿಗೆ ಫೋನು ಮಾಡಿದೆ. ಅಮ್ಮನಿಗಿಂತ ನಾಲ್ಕು ವರ್ಷಕ್ಕೆ ಚಿಕ್ಕವನು, ಮಾತಿಗೆ ಕುಳಿತರೆ ಏಳುವವನಲ್ಲ.

"ಗೊರಕೆ" ಎಂದ ಮಾವ. "ಅಪ್ಪ ಗಡಿಯಾರದ ತಾಳಕ್ಕೆ ಸರಿಯಾಗಿ ಗೊರಕೆ ಹೊಡೀತಿದ್ರು."

"ಮಾವ, ನೀನು ಹೋದ ಸಲ ಉಪ್ಪಿನ ವಿಷಯಕ್ಕೆ ಅಂದಿದ್ದೆ."

"ಹೌದಾ? ಹಾಗಾದ್ರೆ ಉಪ್ಪೇ ಇರಬೇಕು. ನಂಗೆ ಆಗ ಐದು ವರ್ಷ ಕಣೇ ಸೂಜಿ, ಏನು ಗೊತ್ತಿರುತ್ತೆ? ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ, ಆ ಕೂಸು ನಾನೇ." ನಮ್ಮ ಮನೆಯಲ್ಲಿ ನನಗಿರುವ ಹೆಸರು ಸೂಜಿ, ಕೆಲಸಕ್ಕೂ ಸರಿ, ನಾಲಿಗೆಗೂ ಸರಿ. ಮಾವನೇ ಮತ್ತೆ ಹೇಳಿದ: "ಒಂದು ನೆನಪಿದೆ. ಅಮ್ಮ ಮುದುಕಿಯಾದ ಮೇಲೂ ಆಗಾಗ ಆ ವಾಚು ನೋಡ್ಕೊಂಡು, ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅನ್ನೋಳು. ಅಂದು ನಗೋಳು. ಯಾಕೆ ಅಂತ ಅವಳನ್ನೇ ಕೇಳ್ಬೇಕಿತ್ತು."

ಅಮ್ಮನನ್ನು ಕೇಳಿದೆ. ಬಟ್ಟೆ ಮಡಚುತ್ತಿದ್ದಳು. "ಬೇರೆ ಕಥೆ ಸಿಗ್ಲಿಲ್ವಾ ನಿಂಗೆ?" ಎಂದಳು. ಮತ್ತೆ ಕೇಳಿದೆ. ಮಡಚಿದ ಟವೆಲ್ಲನ್ನೇ ಬಿಚ್ಚಿ ಮತ್ತೆ ಮಡಚಿದಳು. ಪುಸಲಾಯಿಸಿದೆ, ಮುನಿಸಿಕೊಂಡೆ, ಮೇಷ್ಟ್ರ ಹೆಸರು ಹೇಳಿದೆ. ಜಪ್ಪಯ್ಯ ಅಂದರೂ ಬಾಯಿ ಬಿಡಲಿಲ್ಲ.

ಆಗ ನಾನೊಂದು ಕೆಟ್ಟ ಕೆಲಸ ಮಾಡಿದೆ. ಅಮ್ಮನಿಗೆ ಸಕ್ಕರೆ ಕಾಯಿಲೆ. ತಿಂಗಳ ಒಂದನೆಯ ತಾರೀಕು ಬೆಳಿಗ್ಗೆ ಅಡುಗೆಮನೆಯ ಕಿಟಕಿ ಹತ್ತಿರ ಕೂರಿಸಿ ನಾನೇ ಬೆರಳು ಚುಚ್ಚಿ ನೋಡುತ್ತೇನೆ. ಅವಳು ಎಡಚಿ. ಎಡಗೈಯ ತೋರುಬೆರಳನ್ನು ಮಾತ್ರ ಎಂದೂ ಮುಂದೆ ಮಾಡುವುದಿಲ್ಲ; ಆರು ವರ್ಷದವಳಿದ್ದಾಗ ಗಡಿಯಾರದ ಗಾಜು ಕೊಯ್ದು, ಬೆರಳ ತುದಿಯಲ್ಲಿ ಒಂದು ಓರೆಗೆರೆ ಉಳಿದುಕೊಂಡಿದೆ. ಅಲ್ಲಿ ನೋಯುತ್ತದೆ ಎನ್ನುತ್ತಾಳೆ. ಆ ದಿನ ಅವಳ ಕೈ ಹಿಡಿದುಕೊಂಡು, ಲ್ಯಾಬಿಗೆ ಬರುವ ಅಪರಿಚಿತರನ್ನು ಮಾತಾಡಿಸುವ ಅದೇ ಮೆತ್ತನೆಯ ದನಿಯಲ್ಲಿ, "ಅವತ್ತು ಅಂಗಡೀಲಿ ಯಾರ್ಯಾರಿದ್ರಿ?" ಎಂದೆ.

ಹೆತ್ತ ತಾಯಿಯ ಮೇಲೆ ಕಸುಬಿನ ತಂತ್ರ ಹೂಡಬಾರದು. ಹೂಡಿದೆ. ಕೆಲಸ ಮಾಡಿತು.

"ನಾನು, ಅಮ್ಮ, ಅಪ್ಪ. ಆಮೇಲೆ ವಕೀಲರು" ಎಂದಳು ಅಮ್ಮ, ಕಿಟಕಿಯ ಕಡೆ ನೋಡುತ್ತಾ. "ಮಾರ್ಚ್ ಮೂರು. ಆ ತಾರೀಕು ನಾನು ಮರೆಯೋದಿಲ್ಲ. ವಕೀಲರ ವಾಚು ಬಿಚ್ಚಿ ಮೇಜಿನ ಮೇಲಿತ್ತು. ಧೂಳು ಬೀಳದೇ ಇರ್ಲಿ ಅಂತ ಅಪ್ಪ ಗಾಜಿನ ಲೋಟ ಮಗುಚಿಟ್ಟು ಒಳಗೆ ಹೋಗಿದ್ರು. ಅಮ್ಮ ಗುಡಿಸ್ತಿದ್ಲು. ಲೋಟದೊಳಗೆ ಒಂದು ಪುಟ್ಟ ಚಕ್ರ ಅತ್ತ ಇತ್ತ, ಅತ್ತ ಇತ್ತ ಆಡ್ತಿತ್ತು. ಅದನ್ನ ನಿಲ್ಲಿಸಿದ್ರೆ ಏನಾಗುತ್ತೆ ಅಂತ ನೋಡ್ಬೇಕಿತ್ತು ನಂಗೆ. ಅಷ್ಟೇ. ಲೋಟ ಎತ್ತಿ ಬೆರಳಿಟ್ಟೆ. ಟಕ್ ಅಂತು."

"ಮುರೀತಾ?"

"ಮುರೀತು. ಅಷ್ಟರಲ್ಲಿ ಅಪ್ಪ ಬಂದ್ರು, ಬಾಗಿಲಲ್ಲಿ ವಕೀಲರೂ ಬಂದ್ರು. ಯಾರು ಮುಟ್ಟಿದ್ದು ಅಂತ ಅಪ್ಪ ಕೂಗಿದ್ರು. ನಾನು..." ಅಮ್ಮ ನನ್ನ ಕೈಯಿಂದ ಬೆರಳು ಬಿಡಿಸಿಕೊಂಡಳು. "ನಾನು, ಗುಡಿಸುವಾಗ ಅಮ್ಮನ ಕೈ ತಾಗಿತು ಅಂದೆ."

ನನ್ನ ಕೈಯಲ್ಲಿದ್ದ ಹತ್ತಿ ನೆಲಕ್ಕೆ ಬಿತ್ತು.

"ಅಮ್ಮ ನನ್ನ ಮುಖ ನೋಡಿದ್ಲು. ಹೌದು ಅನ್ಲಿಲ್ಲ, ಅಲ್ಲ ಅನ್ಲಿಲ್ಲ. ಹೊಟ್ಟೆಗೆ ಹಾಕ್ಕೊಂಡ್ಲು. ಅಪ್ಪ ವಕೀಲರ ಮುಂದೆ ಅವಳಿಗೆ ಬಾಯಿಗೆ ಬಂದ ಹಾಗೆ ಬೈದ್ರು. ಗುಡಿಸೋ ಕೈಯಲ್ಲಿ ನನ್ನ ಮೇಜು ಮುಟ್ಟಿದ್ಯಲ್ಲ, ಬುದ್ಧಿ ಇದ್ಯಾ ಅಂದ್ರು. ವಕೀಲರು ಆ ವಾಚು ಬೇಡವೇ ಬೇಡ ಅಂದ್ರು. ಅಪ್ಪ ತನ್ನ ಕೈಯಲ್ಲಿದ್ದ ವಾಚು ಬಿಚ್ಚಿ ಕೊಟ್ಟು ಕಳಿಸಿದ್ರು. ಅವತ್ತಿಂದ ಮಾತಿಲ್ಲ."

"ಅಮ್ಮಾ, ನಿಂಗೆ ಒಂಬತ್ತು ವರ್ಷ..."

"ಹದಿನಾರು ಆಗೋ ತನಕ ದಿನಾ ಹೇಳ್ಬಹುದಿತ್ತು. ಹೇಳ್ಲಿಲ್ಲ. ನಾನು ಮನೆ ಬಿಟ್ಟ ದಿನ ಅವರಿಬ್ಬರೂ ಮಾತಾಡಿದ್ರು. ಏನರ್ಥ ಅದಕ್ಕೆ, ನೀನೇ ಹೇಳು. ಅಪ್ಪ ಅಮ್ಮನ ಕೈಗೆ ಕಟ್ಟಿದ್ದು ನಾನು ಮುರಿದ ಅದೇ ವಾಚು ಕಣೇ. ರೈಲಿನ ಕಿಟಕಿಯಿಂದ ನಂಗೆ ಕಾಣಲಿ ಅಂತಲೇ ಕಟ್ಟಿದ ಹಾಗಿತ್ತು." ಅಮ್ಮ ಎದ್ದಳು. "ಅರವತ್ತೊಂದು ವರ್ಷ ಆಯ್ತು. ಬರ್ಕೋ. ಸುಳ್ಳಿ ಅಂತ ಎಲ್ಲರಿಗೂ ಗೊತ್ತಾಗ್ಲಿ. ನೀವೆಲ್ಲ ನಗುವಾಗ ನನಗೆ ಜೀವ ಹೋದ ಹಾಗಾಗ್ತಿತ್ತು."

ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ನಿಜ ಹೇಳಿಬಿಡುತ್ತೇನೆ, ಅದೇ ಗಳಿಗೆಯಲ್ಲಿ ತಲೆಯ ಇನ್ನೊಂದು ಮೂಲೆಯಲ್ಲಿ ಯಾರೋ ಕೂತು 'ಎಂಥಾ ದೃಶ್ಯ!' ಎನ್ನುತ್ತಿದ್ದರು. ನನ್ನ ಮೇಲೆ ನನಗೇ ಅಸಹ್ಯವಾಯಿತು. ಅಮ್ಮನ ಎಪ್ಪತ್ತು ವರ್ಷದ ಮರ್ಯಾದೆಯನ್ನು ಮೇಷ್ಟ್ರ ಮೇಜಿನ ಮೇಲೆ ಇಡುವುದಾ? ಇಡದೆ ಸುಮ್ಮನಿದ್ದರೆ, ಅವಳು ಆ ಒಂದು ಸುಳ್ಳನ್ನು ಹೊತ್ತುಕೊಂಡೇ ಹೋಗುವುದಾ? ವಾಚು ಮುರಿದ ದೃಶ್ಯವನ್ನು ಬರೆದೇನೋ ಬರೆದೆ, ಆದರೆ ಐದನೆಯ ಭಾನುವಾರ ತರಗತಿಗೆ ಹೋಗಲಿಲ್ಲ.

ಸೋಮವಾರ ಅಮ್ಮನೇ ಬೀರುವಿನ ತಳದಿಂದ ಒಂದು ಡಬ್ಬಿ ತೆಗೆದುಕೊಟ್ಟಳು. ಅಜ್ಜಿ ತೀರಿಕೊಂಡ ಮೇಲೆ ಬಂದ ವಾಚು. ಅವಳು ಒಂದು ದಿನವೂ ಕಟ್ಟಿರಲಿಲ್ಲ, ಕೀಲಿ ಕೊಟ್ಟಿರಲಿಲ್ಲ. "ನಿನ್ನ ಸಿನಿಮಾಕ್ಕೆ ಬೇಕಾದ್ರೆ ಇಟ್ಕೋ. ನಂಗೆ ನೋಡಕ್ಕಾಗಲ್ಲ" ಎಂದಳು.

ನನಗೆ ಆ ಪುಟ್ಟ ಚಕ್ರವನ್ನು ನೋಡಬೇಕು ಅನ್ನಿಸಿತು. ಅಷ್ಟೇ, ಇನ್ನೇನೂ ಯೋಚನೆ ಇರಲಿಲ್ಲ. ಒಂಬತ್ತು ವರ್ಷದ ಹುಡುಗಿ ಲೋಟದೊಳಗೆ ಏನು ಕಂಡಳು? ಶನಿವಾರ ಲ್ಯಾಬು ಮುಗಿಸಿಕೊಂಡು, ಬಸ್ ನಿಲ್ದಾಣದ ಮೆಟ್ಟಿಲ ಕೆಳಗೆ ಬೀರುವಿನಷ್ಟೇ ಅಗಲದ ಅಂಗಡಿ ಇಟ್ಟುಕೊಂಡಿರುವ ವಾಚ್ ರಿಪೇರಿಯವರ ಹತ್ತಿರ ಹೋದೆ. ಐವತ್ತು ದಾಟಿದ ಮನುಷ್ಯ, ಮಾತು ಕಡಿಮೆ. ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಹಿಂಬದಿಯ ಮುಚ್ಚಳ ತೆಗೆದರು.

"ಯಾರ ಕೈ ಇದು? ಒಳ್ಳೆ ಕೆಲಸಗಾರ" ಎಂದರು. ಮುಚ್ಚಳದ ಒಳಮೈಯನ್ನು ಬೆಳಕಿಗೆ ಹಿಡಿದರು. ಅಲ್ಲಿ ಕೂದಲೆಳೆಯಷ್ಟು ಸಣ್ಣ ಗೀಚುಗಳಿದ್ದವು. "ಬಿಚ್ಚಿ ತೊಳೆದ ತಾರೀಕು ಗೀಚಿಡ್ತೀವಿ ನಾವು. ಮುಂದೆ ತೆಗೆಯೋನಿಗೆ ಗೊತ್ತಾಗ್ಲಿ ಅಂತ. ಇವರದು ವಿಚಿತ್ರ ನೋಡಿ. ಮಾರ್ಚ್ ನಾಲ್ಕು. ಮುಂದಿನ ವರ್ಷ ಮಾರ್ಚ್ ನಾಲ್ಕು. ಆಮೇಲೂ ಮಾರ್ಚ್ ನಾಲ್ಕು. ಎಂಟು ಸಲ ಅದೇ ತಾರೀಕು. ಆಮೇಲೆ ಹೆಂಗೆ ಬೇಕೋ ಹಂಗೆ."

ಮೊದಲನೆಯದರ ವರ್ಷ ಕೇಳಿದೆ. ಅದೇ ವರ್ಷ. ಮಾರ್ಚ್ ಮೂರರ ಮಾರನೆಯ ದಿನ.

ಅವರು ಮತ್ತೆ ಬಗ್ಗಿದರು. "ಅರೆ! ಇಷ್ಟು ಅಚ್ಚುಕಟ್ಟು ಮನುಷ್ಯ ಇಲ್ಲೊಂದು ಗಲೀಜು ಬಿಟ್ಟಿದ್ದಾರಲ್ಲ."

"ಏನು?"

"ಬೆರಳಚ್ಚು. ಬೆವರಿನ ಕೈ ಹಿತ್ತಾಳೆಗೆ ತಾಗಿ, ಆಗಲೇ ಒರೆಸದಿದ್ರೆ ತಗಡನ್ನ ತಿಂದು ಕೂತುಬಿಡುತ್ತೆ. ತಿಕ್ಕಿದ್ರೆ ಹೋಗುತ್ತೆ, ನಾವು ಮೊದ್ಲು ಮಾಡೋ ಕೆಲಸಾನೇ ಅದು. ಇವರು ಚಕ್ರ ಹೊಸದು ಹಾಕಿದ್ದಾರೆ, ಸುತ್ತ ಎಲ್ಲಾ ಕನ್ನಡಿ ಹಾಗೆ ಉಜ್ಜಿದ್ದಾರೆ, ಪ್ರತಿ ಸಲಾನೂ ಇದೊಂದನ್ನ ಬಿಟ್ಟು ಸುತ್ತಿಕೊಂಡು ಹೋಗಿದ್ದಾರೆ. ಬೇಕಂತಲೇ ಉಳಿಸಿದ್ದು. ಮಗುವಿನ ಬೆರಳು ಅನ್ಸುತ್ತೆ. ಬಟಾಣಿ ಕಾಳಿನಷ್ಟಿದೆ."

ಮಸೂರ ಇಸಿದುಕೊಂಡೆ. ಕಣ್ಣಿಗೆ ಸಿಕ್ಕಿಸಿಕೊಳ್ಳಲು ಬಾರದೆ ಎರಡು ಸಲ ಬೀಳಿಸಿದೆ. ಮೂರನೆಯ ಸಲ ಕಂಡಿತು. ಹೊಳೆಯುವ ಹಿತ್ತಾಳೆಯ ನಡುವೆ ಕಂದು ಬಣ್ಣದ ಪುಟ್ಟ ಬೆರಳು, ಸುರುಳಿ ಸುರುಳಿ ಗೆರೆ, ಅವನ್ನೆಲ್ಲ ಅಡ್ಡಕ್ಕೆ ಕತ್ತರಿಸಿಕೊಂಡು ಹೋದ ಒಂದು ಓರೆಗೆರೆ. ತಿಂಗಳಿಗೊಮ್ಮೆ ಆ ಕೈ ಹಿಡಿಯುವವಳು ನಾನು. ಯಾರ ಬೆರಳು ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಅಜ್ಜನಿಗೂ ಯಾರೂ ಹೇಳಬೇಕಾಗಿರಲಿಲ್ಲ. ಗಾಜು ಕೊಯ್ದ ಆ ಬೆರಳಿಗೆ ಪಟ್ಟಿ ಕಟ್ಟಿದವರು ಅವರೇ ತಾನೇ? ಮಾರನೆಯ ದಿನ ವಾಚು ತೆಗೆದ ಗಳಿಗೆಯಲ್ಲೇ ಅವರಿಗೆ ಎಲ್ಲ ಗೊತ್ತಾಗಿದೆ. ಅಜ್ಜಿಗೆ ಮೊದಲೇ ಗೊತ್ತಿತ್ತು. ಅಪರಿಚಿತನ ಮುಂದೆ ಹೋದ ಮಾನಕ್ಕೆ ಒಂದು ಮಾತು ಬರಲಿ ಎಂದು ಅವಳು ಕಾದಳು. ತಪ್ಪಾಯ್ತು ಎನ್ನಲು ಅಜ್ಜನಿಗೆ ಬಾಯಿ ಬರಲಿಲ್ಲ. ಬದಲಿಗೆ ವರ್ಷಕ್ಕೊಮ್ಮೆ ಅದೇ ತಾರೀಕಿಗೆ ವಾಚು ಬಿಚ್ಚಿ, ಬೆರಳಿನ ಸುತ್ತ ಉಜ್ಜಿ, ಮುಚ್ಚಿಟ್ಟರು. ಹಠಮಾರಿ ಮುದುಕ! ಅಂಗಡಿಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ರಿಪೇರಿಯವರು ಪಾಪ, "ವಾಚು ಸರಿಯಾಗುತ್ತೆ ಮೇಡಂ, ಅಳಬೇಡಿ" ಎಂದರು. ಮಸೂರವನ್ನು ಒಂದು ದಿನಕ್ಕೆ ಕಡ ಕೊಟ್ಟು ಕಳಿಸಿದರು.

ಮಧ್ಯಾಹ್ನ ಅದೇ ಕಿಟಕಿಯ ಹತ್ತಿರ ಅಮ್ಮನನ್ನು ಕೂರಿಸಿ, ತೆರೆದ ವಾಚನ್ನು ಮುಂದಿಟ್ಟೆ. ಬೇಡ ಎಂದಳು. "ಒಂದು ಸಲ ನೋಡು. ಆಮೇಲೆ ನಾನು ಬರೆದಿದ್ದೆಲ್ಲ ಹರಿದು ಹಾಕ್ತೀನಿ" ಎಂದೆ. ಮಸೂರ ಹಿಡಿದು ಬಗ್ಗಿದಳು. ಅವಳ ಎಡಗೈ ತೋರುಬೆರಳನ್ನು ಹಿಡಿದು ಪಕ್ಕದಲ್ಲಿಟ್ಟೆ. ಬಹಳ ಹೊತ್ತು ಅವಳು ಬೆರಳನ್ನೂ ಹಿತ್ತಾಳೆಯನ್ನೂ ಸರದಿಯಲ್ಲಿ ನೋಡಿದಳು. ಮುಚ್ಚಳದ ತಾರೀಕುಗಳನ್ನು ನಾನು ಓದಿ ಹೇಳಿದೆ.

"ಮಾರನೇ ದಿನಾನೇ?" ಎಂದಳು.

"ಮಾರನೇ ದಿನಾನೇ. ಒಂದು ದಿನ ನಿಂದು ಅಮ್ಮಾ. ಮಿಕ್ಕಿದ್ದೆಲ್ಲಾ ಅವರದ್ದು."

ಅಳುತ್ತಾಳೆ ಎಂದುಕೊಂಡಿದ್ದೆ. ಅಮ್ಮ ಮಸೂರವನ್ನು ಮೇಜಿನ ಮೇಲೆ ಕುಕ್ಕಿದಳು. ಮುಖ ಕೆಂಪಾಗಿತ್ತು.

"ಇಬ್ಬರಿಗೂ ಗೊತ್ತಿತ್ತಾ? ಗೊತ್ತಿದ್ದೂ ನನ್ನ ಓಡಾಡಿಸಿದ್ರಾ? ಏಳು ವರ್ಷ ಮೂರು ತಿಂಗಳು! ಅಪ್ಪನಿಗೆ ಹೇಳು, ಅಮ್ಮನಿಗೆ ಹೇಳು, ಪರೀಕ್ಷೆ ದಿನಾನೂ ಬಿಡ್ಲಿಲ್ಲವಲ್ಲೇ! ಕಾಲು ಸವೆದು ಹೋಯ್ತು ನಂದು! ಒಬ್ಬರಾದ್ರೂ ಒಂದು ದಿನ ಹತ್ತಿರ ಕರೆದು, ನಮಗೆ ಗೊತ್ತು ಮಗಾ, ಹೋಗ್ಲಿ ಬಿಡು ಅನ್ನಬಾರದಿತ್ತಾ? ಮಗು ಕಣೇ ನಾನು! ಅವರಿಗೆ ಅವರ ಹಠ ದೊಡ್ಡದಾಯ್ತಾ?"

ಹೀಗೆ ಸತ್ತ ತಂದೆ ತಾಯಿಯನ್ನು ಕಾಲು ಗಂಟೆ ಬೈದಳು. ನಾನು ಅಡ್ಡ ಬರಲಿಲ್ಲ. ಅವಳ ಇಷ್ಟು ದೊಡ್ಡ ದನಿಯನ್ನು ನಾನು ಕೇಳಿದ್ದೇ ಇಲ್ಲ. ಬೈದು ಬೈದು ಸುಸ್ತಾಗಿ ಒಂದು ಲೋಟ ನೀರು ಕುಡಿದಳು. ಆಮೇಲೆ ಅತ್ತಳು. ಕಣ್ಣೊರೆಸಿಕೊಂಡು, "ಎಲ್ಲಿ ನಿನ್ನ ಕಾಗದ?" ಎಂದಳು.

ಓದಿದೆ. ಅಡುಗೆಮನೆ, ಹೊಸ್ತಿಲು, ಉಪ್ಪು, ರೈಲು. ನಡುನಡುವೆ ತಿದ್ದಿದಳು. ಗುಡಿಸುವ ಪೊರಕೆ ಉದ್ದದ್ದಲ್ಲ, ಮೋಟು ಎಂದಳು. ವಕೀಲರಿಗೆ ಮೀಸೆ ಇರಲಿಲ್ಲ ಎಂದಳು. "ಆ ಹುಡುಗಿಗೆ ಎಡಚಿಯನ್ನೇ ಹಾಕಬೇಕು ಅಂತ ನಿಮ್ಮ ಮೇಷ್ಟ್ರಿಗೆ ಹೇಳು" ಎಂದಳು. ಹೇಳಿ ಕಳಿಸುವ ಹಳೆಯ ಚಾಳಿ ಅವಳಿಗೂ ಅಂಟಿಕೊಂಡಿದೆ ಎಂದು ರೇಗಿಸಿದೆ. ತಲೆಗೆ ಒಂದು ಮೊಟಕಿದಳು.

"ಇನ್ನೊಂದು ಸೀನು ಬೇಕು" ಎಂದಳು ಕೊನೆಗೆ. "ಮಾರ್ಚ್ ನಾಲ್ಕು. ಅವರಿಬ್ಬರೂ ಆ ಹುಡುಗಿನ ಅಂಗಡಿಗೆ ಕರೀತಾರೆ."

"ಅದು ನಡೆದೇ ಇಲ್ಲವಲ್ಲಮ್ಮ."

"ನಡೀಲಿಲ್ಲ ಅಂತಲೇ ಬರಿ ಅಂತಿರೋದು."

ಪೆನ್ನು ತೆಗೆದೆ. ಒಳಗೆ, ಗಡಿಯಾರದ ಅಂಗಡಿ, ಹಗಲು ಎಂದು ಬರೆದೆ. ಅಮ್ಮ ಮೇಜಿನ ಮುಂದೆ ನಿಂತ ಪುಟ್ಟ ಹುಡುಗಿಯ ಹಾಗೆ ಮೇಲೆ ನೋಡುತ್ತಾ ಹೇಳುತ್ತಾ ಹೋದಳು. ಹುಡುಗಿ ಹೊಸ್ತಿಲ ಮೇಲೆ ನಿಂತಿದ್ದಾಳೆ. ಅವಳ ಅಮ್ಮ ಹಿಂದೆ ಬಂದು ನಿಂತು ಹೆಗಲ ಮೇಲೆ ಕೈ ಇಡುತ್ತಾಳೆ. ಅಪ್ಪ ಮೇಜಿನ ಹಿಂದೆ. ಮೇಜಿನ ಮೇಲೆ ಮಗುಚಿಟ್ಟ ಗಾಜಿನ ಲೋಟ.

"ಅಪ್ಪ ಏನಂತಾರೆ?" ಎಂದೆ.

ಅಮ್ಮ ಯೋಚಿಸಿದಳು. ಏಳು ವರ್ಷ ಮೂರು ತಿಂಗಳು ಅವರ ಮಾತುಗಳನ್ನು ತಿದ್ದಿ ತಿದ್ದಿ ದಾಟಿಸಿದವಳಿಗೆ ಈ ಒಂದು ಮಾತು ಹುಡುಕಲು ಹೊತ್ತು ಹಿಡಿಯಿತು.

"ಜಾಸ್ತಿ ಏನೂ ಅನ್ನಲ್ಲ. ಲೋಟ ಎತ್ತಿ, 'ಬಾ, ನೋಡು' ಅಂತಾರೆ. ಅಷ್ಟೇ. ಬರ್ಕೊಂಡ್ಯಾ?"

"ಬರ್ಕೊಂಡೆ."